ನಮ್ಮ ಮನೆಯ ಬಲೆಯಜ್ಜ ಮತ್ತು ರಂಪಣಿ



ಕಳೆದ ತಿಂಗಳು ಸಮಾಜ ಪಾಠದಲ್ಲಿ ಮಾಸ್ಟ್ರು ಎಲ್ಲರಿಗೂ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದರು. ನಾನು ಅಪ್ಪ, ಅಪ್ಪನ ಅಪ್ಪ, ಅವರ ಅಪ್ಪ ಎಂದು ಮೂರು ಚೌಕ ಹಾಕಿ ಅಜ್ಜಿಗೆ ತೋರಿಸಿದೆ. ಅಜ್ಜಿ ನಕ್ಕುಬಿಟ್ಟರು. "ಇದು ಯಾರ ಮನೆಯ ಮರ ಮಾರಾಯ? ನಮ್ಮ ಮರ ಅಮ್ಮನ ಕಡೆಯಿಂದ ಬೆಳೆಯುವುದು" ಎಂದರು. ಆ ದಿನ ರಾತ್ರಿ ಊಟ ಆದ ಮೇಲೆ ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಇಲ್ಲಿ ಬರೆದಿದ್ದೇನೆ.

ನಾವು ಮೊಗವೀರರು. ನಮ್ಮಲ್ಲಿ 'ಬಳಿ' ಎಂದು ಉಂಟು. ಬೇರೆಯವರಲ್ಲಿ ಗೋತ್ರ ಇದ್ದ ಹಾಗೆ. ಒಂದೇ ಬಳಿಯವರು ಮದುವೆ ಆಗುವಂತಿಲ್ಲ. ಈ ಬಳಿ ಮಕ್ಕಳಿಗೆ ಅಮ್ಮನಿಂದ ಬರುತ್ತದೆ, ಅಪ್ಪನಿಂದ ಅಲ್ಲ. ಹಿಂದೆ ಆಸ್ತಿಯೂ ಹಾಗೆಯೇ ಇತ್ತು. ಮನೆಯ ಯಜಮಾನ ಎಂದರೆ ಅಮ್ಮನ ಅಣ್ಣ ಅಥವಾ ತಮ್ಮ. ಅವನ ನಂತರ ಅವನ ಅಕ್ಕತಂಗಿಯರ ಮಕ್ಕಳು. ಇದಕ್ಕೆ ಅಳಿಯಸಂತಾನ ಕಟ್ಟು ಎನ್ನುತ್ತಾರೆ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತು. ಆದರೆ ಬಳಿ ಈಗಲೂ ಅಮ್ಮನದೇ.

ಹಾಗಾಗಿ ನಮ್ಮ ಮನೆಯ ಹಿರಿಯರು ಎಂದರೆ ನನ್ನ ಅಜ್ಜಿಯ ಸೋದರಮಾವ. ಅಂದರೆ ನನ್ನ ಅಮ್ಮನ ಅಮ್ಮನ ಅಮ್ಮನ ಅಣ್ಣ! ಬಾಯಿಪಾಠ ಮಾಡಲು ಕಷ್ಟ. ಅದಕ್ಕೇ ಮನೆಯಲ್ಲಿ ಎಲ್ಲರೂ ಅವರನ್ನು 'ಬಲೆಯಜ್ಜ' ಎನ್ನುವುದು. ಅವರು ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿಲ್ಲ. ಶಾಲೆಗೆ ಹೋದವರಲ್ಲ. ಆದರೆ ರಂಪಣಿಯ ಲೆಕ್ಕ ಬಾಯಿಯಲ್ಲೇ ಹೇಳುತ್ತಿದ್ದರಂತೆ.

ರಂಪಣಿ ಎಂದರೆ ಏನು? ನಮ್ಮಲ್ಲಿ ಹಲವರು ನೋಡಿಲ್ಲ, ಘಟ್ಟದ ಮೇಲಿನಿಂದ ಬಂದ ಟೀಚರ್ ಕೂಡ ಕೇಳಿದರು. ಅದಕ್ಕಾಗಿ ವಿವರಿಸುತ್ತೇನೆ.

ರಂಪಣಿ ಎಂಬುದು ದಡದಿಂದ ಎಳೆಯುವ ಬಹಳ ಉದ್ದದ ಬಲೆ. ಉದ್ದ 1000 ಮೀಟರಿಗೂ ಹೆಚ್ಚು. ನಮ್ಮ ಶಾಲೆಯಿಂದ ಬಸ್‌ ಸ್ಟ್ಯಾಂಡಿಗಿಂತಲೂ ದೂರ! ಮಳೆಗಾಲ ಮುಗಿದ ಮೇಲೆ ಬಂಗುಡೆ, ಬೂತಾಯಿ ಗುಂಪು ಗುಂಪಾಗಿ ದಡದ ಹತ್ತಿರ ಬರುತ್ತವೆ. ನೀರಿನ ಬಣ್ಣ ಮತ್ತು ಹಕ್ಕಿಗಳನ್ನು ನೋಡಿ ಅನುಭವಿಗಳು ಮೀನು ಎಲ್ಲಿ ಉಂಟು ಎಂದು ಹೇಳುತ್ತಿದ್ದರು. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಹಿಡಿದುಕೊಳ್ಳುವುದು. ದೊಡ್ಡ ರಂಪಣಿ ದೋಣಿ ಬಲೆ ಬಿಡುತ್ತಾ ಮೀನಿನ ಗುಂಪನ್ನು ಸುತ್ತಿಕೊಂಡು ಬಂದು ಇನ್ನೊಂದು ತುದಿಯನ್ನು ದಡಕ್ಕೆ ಮುಟ್ಟಿಸುವುದು. ಆಮೇಲೆ ಎರಡೂ ಕಡೆ ಹತ್ತಾರು ಜನ ನಿಂತು ಎಳೆಯುವುದು. ಆ ದೋಣಿಯ ಹಲಗೆಗಳನ್ನು ಮೊಳೆ ಹೊಡೆದು ಅಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದು ಜೋಡಿಸುತ್ತಿದ್ದರು. ಮೀನು ತುಂಬಾ ಬಿದ್ದರೆ ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ದಿನಾ ಬೇಕಾದಷ್ಟು ತೆಗೆಯುತ್ತಿದ್ದರು. ಹೆಚ್ಚಾದ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರ.

ಈಗ ಮುಖ್ಯವಾದ ವಿಷಯ. ಇಷ್ಟು ದೊಡ್ಡ ಬಲೆ ಯಾರದು? ಒಬ್ಬನದಲ್ಲ! ಒಂದೊಂದು ಮನೆಯವರು ಒಂದೊಂದು ತುಂಡು ಬಲೆ ತರುತ್ತಿದ್ದರು. ಎಲ್ಲಾ ತುಂಡು ಸೇರಿಸಿ ಕಟ್ಟಿದರೆ ರಂಪಣಿ. ಮೀನು ಮಾರಿದ ಹಣದಲ್ಲಿ ಖರ್ಚು ಕಳೆದು ದೋಣಿಗೆ ಪಾಲು, ಎಳೆದವರಿಗೆ ಪಾಲು, ಬಲೆಯ ತುಂಡಿಗೂ ಪಾಲು.

ನಮ್ಮ ಮನೆಯ ತುಂಡನ್ನು ಬಲೆಯಜ್ಜನೇ ನೇಯುತ್ತಿದ್ದರು. ನೂಲು ಹೊಸೆಯುವ ಕೆಲಸ ಅವರ ತಂಗಿಯದು, ಅಂದರೆ ನನ್ನ ಅಜ್ಜಿಯ ಅಮ್ಮನದು. ಆಗ ನೈಲಾನ್ ಇರಲಿಲ್ಲ. ನೂಲಿನ ಬಲೆ ಬೇಗ ಕೊಳೆಯುತ್ತದೆ. ಅದಕ್ಕೆ ಮರದ ತೊಗಟೆ ಬೇಯಿಸಿ, ಆ ಚೊಗರು ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಕಡಲಿಗೆ ಹೋಗಲು ಆಗುವುದಿಲ್ಲವಲ್ಲ, ಆಗ ಜಗಲಿಯಲ್ಲಿ ಕೂತು ಹರಿದ ಕಣ್ಣುಗಳನ್ನು ಕಟ್ಟುವುದೇ ಕೆಲಸ. ಗಂಡಸರು ಬಲೆ ಎಳೆದರೆ ಹೆಂಗಸರು ಬುಟ್ಟಿ ಹೊತ್ತು ಒಳನಾಡಿಗೆ ನಡೆದು ಮೀನು ಮಾರುತ್ತಿದ್ದರು. ಕೆಲವರು ಹಣದ ಬದಲು ಅಕ್ಕಿ ಕೊಡುತ್ತಿದ್ದರಂತೆ.

ಒಂದು ವರ್ಷ ಬಲೆಯಜ್ಜನಿಗೆ ಜ್ವರ ಬಂದು ಎರಡು ತಿಂಗಳು ಮಲಗಿದಲ್ಲೇ ಆದರು. ಎಳೆಯುವ ಪಾಲು ನಿಂತಿತು. ಮನೆಯಲ್ಲಿ ಏಳು ಜನ. ಆದರೆ ನಮ್ಮ ತುಂಡು ಬಲೆ ರಂಪಣಿಯಲ್ಲೇ ಇತ್ತಲ್ಲ! ಅದರ ಪಾಲು ವಾರ ವಾರ ಮನೆಗೆ ಬಂತು. "ಅಜ್ಜ ಮಲಗಿದ್ದರು, ಬಲೆ ದುಡಿಯಿತು. ಆ ವರ್ಷ ನಾವು ಉಪವಾಸ ಬೀಳಲಿಲ್ಲ" ಎಂದು ಅಜ್ಜಿ ಹೇಳುವಾಗ ಅವರ ಕಣ್ಣಲ್ಲಿ ನೀರು ಬಂತು.

1970ರ ದಶಕದ ನಡುವಿನಲ್ಲಿ ಮಂಗಳೂರು, ಮಲ್ಪೆ ಕಡೆ ಪರ್ಸೀನ್ ಬೋಟುಗಳು ಬಂದವು. ಬಾಯಿಗೆ ದಾರವಿರುವ ಚೀಲವನ್ನು ಎಳೆದು ಮುಚ್ಚುತ್ತೇವಲ್ಲ, ಹಾಗೆಯೇ ಈ ಬಲೆ ಕೆಳಗಿನಿಂದ ಮುಚ್ಚಿಕೊಳ್ಳುತ್ತದೆ. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯುತ್ತಾರೆ. ದಡದಲ್ಲಿ ಕಾದವರಿಗೆ ಮೀನು ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಒಂದೊಂದಾಗಿ ನಿಂತವು. ನಮ್ಮ ಊರಿನ ರಂಪಣಿಯನ್ನು ಬಿಚ್ಚಿ ಅವರವರ ತುಂಡು ಅವರವರಿಗೆ ಕೊಟ್ಟರು. ಬಲೆಯಜ್ಜ ತಮ್ಮ ತುಂಡನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದು ಅಟ್ಟದಲ್ಲಿ ಇಟ್ಟರು. ಆ ದಿನ ಊಟ ಮಾಡಲಿಲ್ಲವಂತೆ.

ಆಮೇಲೆ ಅವರು ಬೇರೆಯವರ ಬೋಟಿಗೆ ಹೋದರು. ಅಲ್ಲಿ ಹೋದ ದಿನ ಪಾಲು, ಹೋಗದ ದಿನ ಇಲ್ಲ. ಅಜ್ಜಿಯ ತಮ್ಮ ಬೊಂಬಾಯಿಗೆ ಹೋಗಿ ಹೋಟೆಲಿಗೆ ಸೇರಿದರು. ನಮ್ಮವರು ಅಲ್ಲಿಗೆ ಹೋಗುವುದು ಹೊಸತಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಬೊಂಬಾಯಿಯಲ್ಲಿ 1902ರಲ್ಲೇ ಶುರುವಾಗಿದೆ.

ಪರ್ಸೀನ್ ಬಂದದ್ದು ಬರೀ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನನ್ನ ಅಪ್ಪನೂ ಬೋಟಿನಲ್ಲೇ ದುಡಿಯುವುದು. ಅದರಿಂದಲೇ ನನ್ನ ಪುಸ್ತಕ, ಚೀಲ ಎಲ್ಲಾ. ಆದರೆ ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ ಇರುವಾಗ ಅಪ್ಪ ಸುಮ್ಮನೆ ಕೂರುವುದನ್ನು ಕಂಡರೆ, ಮಲಗಿದವನಿಗೂ ಅನ್ನ ಕೊಡುತ್ತಿದ್ದ ಆ ತುಂಡು ಬಲೆ ನೆನಪಾಗುತ್ತದೆ. ಸಣ್ಣ ಕೈರಂಪಣಿ ಈಗಲೂ ಅಲ್ಲಲ್ಲಿ ಉಂಟು. ದಡದಲ್ಲಿ ಎಳೆಯುವುದನ್ನು ಕಂಡರೆ ನೀವೂ ಹೋಗಿ ಕೈ ಕೊಡಿ, ಒಂದೆರಡು ಬಂಗುಡೆ ಸಿಕ್ಕೀತು!

ವಂಶವೃಕ್ಷವನ್ನು ನಾನು ತಿರುಗಿ ಬರೆದೆ. ಅಪ್ಪನ ಕಡೆಯಿಂದ ಮಾತ್ರ ಬರೆದಿದ್ದರೆ ಬಲೆಯಜ್ಜನಿಗೆ ಚೌಕವೇ ಇರುತ್ತಿರಲಿಲ್ಲ. ಮಾಸ್ಟ್ರು ನೋಡಿ ಸರಿ ಹಾಕಿದ್ದಾರೆ. ಅಟ್ಟದ ಬಲೆಯನ್ನು ಇಲಿ ತಿಂದು ಹಾಳು ಮಾಡಿದೆ, ಆದರೆ ಅಜ್ಜ ನೇಯುತ್ತಿದ್ದ ಬಿದಿರಿನ ಸೂಜಿ ಉಂಟು. ಸೋಮವಾರ ತರುತ್ತೇನೆ, ನೋಡುವವರು ನೋಡಬಹುದು. ನೀವೂ ನಿಮ್ಮ ಅಜ್ಜಿಯ ಹತ್ತಿರ ಕೇಳಿ ಮುಂದಿನ ಸಂಚಿಕೆಗೆ ಬರೆಯಿರಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.