ಮುಟ್ಟಿ, ನುಡಿಸಿ ಓದುವ ಚರಿತ್ರೆ

ಅಮೆರಿಕದ ಡಲ್ಲಾಸ್‌ನಲ್ಲಿ 1978ರಲ್ಲಿ ಶುರುವಾದ ಗಿಟಾರ್ ಮೇಳ ಆ ದೇಶದ ಹಳೆಯ ಗಿಟಾರ್ ಮೇಳಗಳಲ್ಲಿ ಒಂದು. ದೊಡ್ಡ ಸಭಾಂಗಣದ ತುಂಬ ಸಾಲು ಮೇಜುಗಳು, ಅವುಗಳ ಮೇಲೂ ಹಿಂದೂ ಗಿಟಾರ್‌ಗಳು. ಮಾರುವವರು, ಕೊಳ್ಳುವವರು, ವಿನಿಮಯಕ್ಕೆಂದು ಮನೆಯ ವಾದ್ಯ ಹೊತ್ತು ತಂದವರು, ಬರೀ ನೋಡಲು ಬಂದವರು ಎಲ್ಲರೂ ಅಲ್ಲಿ ಸೇರುತ್ತಾರೆ. ಮೇಲ್ನೋಟಕ್ಕೆ ಇದು ಅಪ್ಪಟ ವ್ಯಾಪಾರ. ಆದರೆ ಇಂಥ ಮೇಳಗಳಿಂದ ಆಗುತ್ತಿರುವ ಉಪಕಾರ ವ್ಯಾಪಾರಕ್ಕಿಂತ ದೊಡ್ಡದು. ಒಂದು ಕುಶಲಕಲೆಯ ಚರಿತ್ರೆಯನ್ನು, ಅದರ ಸೋತ ಪ್ರಯೋಗಗಳ ಸಮೇತ, ಸಾಮಾನ್ಯರೂ ಕೈಯಲ್ಲಿ ಹಿಡಿದು ನೋಡುವಂತೆ ಅವು ಉಳಿಸಿವೆ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನಿಂತ ವಾದ್ಯದಿಂದ ಇಷ್ಟು ಕಲಿಯಲಾಗದು.

ಇದಕ್ಕೆ ಒಳ್ಳೆಯ ಸಾಕ್ಷಿ ವಿಚಿತ್ರ ಗಿಟಾರ್‌ಗಳು. 1920ರ ದಶಕದ ನೃತ್ಯಗೋಷ್ಠಿಗಳಲ್ಲಿ ಟ್ರಂಪೆಟ್, ಡ್ರಮ್‌ಗಳ ಅಬ್ಬರಕ್ಕೆ ಗಿಟಾರ್ ದನಿ ಮುಳುಗಿಹೋಗುತ್ತಿತ್ತು. ಇದಕ್ಕೆ ಉತ್ತರವಾಗಿ ವಾದ್ಯ ತಯಾರಕ ಜಾನ್ ಡೋಪಿಯೆರಾ ಲೋಹದ ಒಡಲಿನೊಳಗೆ ಮೂರು ತೆಳು ಅಲ್ಯೂಮಿನಿಯಂ ಶಂಕುಗಳನ್ನು ಕೂರಿಸಿದರು. ನ್ಯಾಷನಲ್ ಕಂಪನಿಯ 1927ರ ಆ ಗಿಟಾರ್ ವಿದ್ಯುತ್ತಿನ ಹಂಗಿಲ್ಲದೆ ಮೊಳಗಿತು. ಕೆಲವೇ ವರ್ಷಗಳಲ್ಲಿ ರಿಕನ್‌ಬ್ಯಾಕರ್‌ನವರು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಪಿಕಪ್ ಅಳವಡಿಸಿದ ವಾದ್ಯವನ್ನು ಮಾರುಕಟ್ಟೆಗೆ ತಂದರು, ಗೆದ್ದದ್ದು ಆ ದಾರಿ. ಮುಂದೆ ನೇಥನ್ ಡೇನಿಯಲ್ ಅವರ ಡ್ಯಾನೆಲೆಕ್ಟ್ರೊ ಕಾರ್ಖಾನೆ ಬಡವರ ಕೈಗೂ ಎಲೆಕ್ಟ್ರಿಕ್ ಗಿಟಾರ್ ಎಟುಕಿಸಲು ಮರದ ಚೌಕಟ್ಟಿಗೆ ಅಗ್ಗದ ಮೇಸೊನೈಟ್ ಹಲಗೆ ಹೊದಿಸಿತು, ಪಿಕಪ್ಪನ್ನು ಲಿಪ್‌ಸ್ಟಿಕ್ ಕೊಳವೆಯೊಳಗೆ ಕೂರಿಸಿತು. ಸಿಯರ್ಸ್ ಅಂಗಡಿಗಾಗಿ ಮಾಡಿಕೊಟ್ಟ ಒಂದು ಮಾದರಿಯಲ್ಲಂತೂ ಗಿಟಾರ್ ಒಯ್ಯುವ ಪೆಟ್ಟಿಗೆಯೇ ಆಂಪ್ಲಿಫೈಯರ್. ವ್ಯಾಲ್ಕೊ ಕಂಪನಿ ಮರವನ್ನೇ ಬಿಟ್ಟು ಫೈಬರ್‌ಗ್ಲಾಸ್ ಒಡಲು ಎರಕ ಹೊಯ್ದಿತು. ಗೆದ್ದ ಉತ್ತರವೊಂದೇ ಕಣ್ಣಿಗೆ ಬಿದ್ದರೆ ಪ್ರಶ್ನೆ ಎಷ್ಟು ಕಠಿಣವಾಗಿತ್ತೆಂಬುದು ಮರೆತುಹೋಗುತ್ತದೆ. ಮೇಳದಲ್ಲಿ ಆ ಎಲ್ಲ ಉತ್ತರಗಳೂ ಅಕ್ಕಪಕ್ಕದಲ್ಲಿ ಸಿಗುತ್ತವೆ, ಒಂದೊಂದರ ದನಿಯನ್ನೂ ಕೇಳಿ ಹೋಲಿಸಬಹುದು.

ಇದೆಲ್ಲ ಹಣವಂತರ ಹುಚ್ಚು ಎಂಬ ಆಕ್ಷೇಪಕ್ಕೆ ಆಧಾರವಿದೆ. 1958ರಿಂದ 1960ರವರೆಗೆ ತಯಾರಾದ ಗಿಬ್ಸನ್ ಲೆಸ್ ಪಾಲ್ ಸನ್‌ಬರ್ಸ್ಟ್ ಇಂದು ಲಕ್ಷಾಂತರ ಡಾಲರಿನ ವಸ್ತು. ಆದರೆ ಸರಿಯಾಗಿ ಮಾರಾಟವಾಗದೆ ಕಂಪನಿಯೇ ಕೈಬಿಟ್ಟ ಮಾದರಿ ಅದು. 1960ರ ದಶಕದ ನಡುವೆ ಎರಿಕ್ ಕ್ಲ್ಯಾಪ್ಟನ್‌ರಂಥ ವಾದಕರು ಅದನ್ನು ಮತ್ತೆ ಎತ್ತಿಕೊಂಡದ್ದರಿಂದ ಅದರ ಗುಣ ಲೋಕಕ್ಕೆ ತಿಳಿಯಿತು. ಬೆಲೆ ಬಂದದ್ದು ಆಮೇಲೆ. ಬೆಲೆ ಏರಿದಾಗ ನಕಲಿ ಹುಟ್ಟಿತು, ನಕಲಿಯನ್ನು ಹಿಡಿಯಲು ವಿದ್ಯೆ ಬೆಳೆಯಿತು. ಹಳೆಯ ಎಲೆಕ್ಟ್ರಿಕ್ ಗಿಟಾರಿನ ಹೊದಿಕೆ ಬಿಚ್ಚಿ, ದನಿ ಏರಿಳಿಸುವ ಗುಬುಟಿಯ ಕೆಳಗಿರುವ ಪೊಟೆನ್ಶಿಯೊಮೀಟರಿನ ಬೆನ್ನು ನೋಡಿದರೆ ಅಲ್ಲೊಂದು ಸಂಖ್ಯೆ ಒತ್ತಿರುತ್ತದೆ. 1376309 ಎಂದಿದ್ದರೆ 137 ತಯಾರಕರ ಗುರುತು, 63 ಇಸವಿ, 09 ವಾರ. ಆ ಬಿಡಿಭಾಗ ಮೂಲದ್ದೇ ಆಗಿದ್ದರೆ, ವಾದ್ಯ 1963ರ ಒಂಬತ್ತನೇ ವಾರಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ನೇರಳಾತೀತ ದೀಪ ಹಿಡಿದರೆ ಹಳೆಯ ಲ್ಯಾಕರ್ ಹಸಿರು ಛಾಯೆಯಲ್ಲಿ ಹೊಳೆಯುತ್ತದೆ, ಆಮೇಲೆ ಬಳಿದ ತೇಪೆ ಬೇರೆಯಾಗಿ ಕಾಣುತ್ತದೆ. ಈ ವಿದ್ಯೆಯನ್ನು ಕ್ರಮವಾಗಿ ಬರೆದಿಟ್ಟವರು ವ್ಯಾಪಾರಿಗಳೇ. ನ್ಯಾಶ್‌ವಿಲ್‌ನಲ್ಲಿ ಅಂಗಡಿ ನಡೆಸುವ ಜಾರ್ಜ್ ಗ್ರೂನ್, ವಾಲ್ಟರ್ ಕಾರ್ಟರ್ ಜೊತೆ ಸೇರಿ 1991ರಲ್ಲಿ ತಂದ ಮಾರ್ಗದರ್ಶಿ ಈ ಕ್ಷೇತ್ರದ ಆಕರಗ್ರಂಥವಾಯಿತು.

ಹಳೆಯದರ ನಾದವೇ ಶ್ರೇಷ್ಠ ಎಂಬುದು ಬರೀ ನಂಬಿಕೆ ಎಂಬ ಇನ್ನೊಂದು ಆಕ್ಷೇಪವನ್ನು ಒಪ್ಪಿಕೊಳ್ಳುವುದೇ ಸರಿ. ಸಂಶೋಧಕಿ ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ಪಿಟೀಲು ವಾದಕರಿಗೆ ಹಳೆಯದು ಯಾವುದು ಹೊಸದು ಯಾವುದೆಂದು ತಿಳಿಯದಂತೆ ಆರು ಪಿಟೀಲುಗಳನ್ನು ಕೊಟ್ಟಾಗ ಹೆಚ್ಚು ಮೆಚ್ಚುಗೆ ಗಳಿಸಿದ್ದು ಹೊಸದೊಂದು, ಕಡೆಯಲ್ಲಿ ನಿಂತದ್ದು ಹಳೆಯದಾದ ಒಂದು ಸ್ಟ್ರಾಡಿವೇರಿಯಸ್. ಗಿಟಾರಿಗೂ ಇದು ಎಚ್ಚರಿಕೆಯ ಮಾತು. ಆದರೆ ನಾದದ ಹೆಗ್ಗಳಿಕೆ ಕಳಚಿದರೂ ಹಳೆಯ ವಾದ್ಯದ ತೂಕ ಕಡಿಮೆಯಾಗುವುದಿಲ್ಲ. ಯಾವ ಮರ, ಎಷ್ಟು ದಪ್ಪ, ಯಾವ ಬೆಸುಗೆ ಎಂಬುದಕ್ಕೆ ಅದು ಸುಳ್ಳು ಹೇಳದ ದಾಖಲೆ. ನಾದ ನಿಜಕ್ಕೂ ಬೇರೆಯೇ ಎಂದು ಪರೀಕ್ಷಿಸಲು ಕೂಡ ವಾದ್ಯ ಕೈಗೆ ಸಿಗಬೇಕಲ್ಲವೇ?

ಈ ದಾಖಲೆಯ ಒಂದು ಪುಟ ನಮ್ಮ ಕಾಡಿನವರೆಗೂ ಚಾಚಿದೆ. 1833ರಲ್ಲಿ ಹುಟ್ಟಿದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28 ಗಿಟಾರಿನ ಬೆನ್ನು, ಪಕ್ಕಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. ಬ್ರೆಜಿಲ್ ದಿಮ್ಮಿಗಳ ರಫ್ತನ್ನು ತಡೆದ ಮೇಲೆ, 1969ರಲ್ಲಿ ಕಂಪನಿ ಭಾರತದ ಬೀಟೆಗೆ ಹೊರಳಿತು. ಮೈಸೂರಿನ ಕುಸುರಿ ಕೆಲಸಕ್ಕೆ ಒದಗುವ, ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಅದೇ ಬೀಟೆ. 1968ರ ಮತ್ತು 1970ರ ಎರಡು ಡಿ-28ಗಳನ್ನು ಪಕ್ಕಪಕ್ಕ ಮಗುಚಿ ಇಟ್ಟರೆ, ಒಂದರಲ್ಲಿ ಕೆಂಗಂದಿನ ಮೇಲೆ ಕಪ್ಪು ಗೆರೆಗಳ ಸುಳಿವಿನ್ಯಾಸ, ಇನ್ನೊಂದರಲ್ಲಿ ನೇರಳೆ ಬೆರೆತ ಕಂದಿನ ನೇರ ಎಳೆಗಳು ಕಾಣುವುದುಂಟು. ಬ್ರೆಜಿಲ್‌ನ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ಬಿಗಿ ನಿರ್ಬಂಧ ಬಿತ್ತು. ಹಳೆಯ ವಾದ್ಯಗಳ ಮೋಹ ಅಳಿವಿನಂಚಿನ ಮರಕ್ಕೆ ಕುತ್ತಾಗದೇ ಎಂದು ಕೇಳುವವರ ಆತಂಕ ನ್ಯಾಯವಾದದ್ದು, ಅದಕ್ಕಾಗಿ ದಾಖಲೆಪತ್ರದ ಕಟ್ಟುನಿಟ್ಟು ಇರಲೇಬೇಕು. ಆದರೆ ಅರ್ಧ ಶತಮಾನದ ಹಿಂದೆ ಕಡಿದ ಮರವನ್ನು ರಿಪೇರಿ ಮಾಡಿ ಇನ್ನೂ ಎರಡು ತಲೆಮಾರು ನುಡಿಸುವುದರಿಂದ ಹೊಸದೊಂದು ಮರ ಉರುಳುವುದಿಲ್ಲ.

ನುಡಿಸುವವರು, ತಯಾರಿಸುವವರು, ರಿಪೇರಿ ಮಾಡುವವರು ಒಂದೇ ಸೂರಿನಡಿ ಸೇರಿ, ಹಳೆಯ ವಾದ್ಯ ಬಿಚ್ಚಿ ನೋಡುವಲ್ಲಿ ಕುಶಲಕಲೆ ಬದುಕುತ್ತದೆ. ಅಟ್ಟದ ಮೇಲೆ ಬಿರುಕುಬಿಟ್ಟು ಕೂತ ನಮ್ಮ ವೀಣೆ, ತಂಬೂರಿಗಳಿಗೂ ಇಂಥದೊಂದು ಮೇಳ ಬೇಕು. ಕೊಳ್ಳುವವರು ಬರಲಿ, ಬೆಲೆಯೂ ಏರಲಿ. ಅದರ ಬೆನ್ನಿಗೇ ಅವುಗಳನ್ನು ಬಲ್ಲವರೂ ಹೆಚ್ಚುತ್ತಾರೆಂಬ ಭರವಸೆಯನ್ನು ಗಿಟಾರ್ ಮೇಳಗಳ ಅನುಭವ ಕೊಡುತ್ತದೆ.