ಕ್ಯಾತ್ಸಂದ್ರದಿಂದ ನೀರಿನ ಜಾಡು ಹಿಡಿದು

ಊರಿನ ಹೆಸರಲ್ಲೇ ಸಮುದ್ರವಿದೆ. ಬೊಮ್ಮಸಂದ್ರ, ಮಲ್ಲಸಂದ್ರ, ಕ್ಯಾತ್ಸಂದ್ರ ಇವುಗಳ ಬಾಲದಲ್ಲಿರುವ ‘ಸಂದ್ರ’ವೆಲ್ಲ ಜನರ ನಾಲಗೆಯಲ್ಲಿ ಸವೆದ ‘ಸಮುದ್ರ’ವೇ. ಕೆರೆ ಕಟ್ಟಿಸಿದವನ ಹೆಸರಿಗೆ ಸಮುದ್ರ ಸೇರಿಸಿ ಕರೆಯುತ್ತಿದ್ದ ಕಾಲವೊಂದಿತ್ತು. ಕ್ಯಾತ ಎಂಬವನೊಬ್ಬನ ಕೆರೆ ಕ್ಯಾತಸಮುದ್ರವಾಗಿ, ಆಮೇಲೆ ಬಾಯಿಗೆ ಸಲೀಸಾಗಿ ಕ್ಯಾತ್ಸಂದ್ರವಾಯಿತು. ನಿಜವಾದ ಸಮುದ್ರ ನೋಡಬೇಕೆಂದರೆ ಇಲ್ಲಿಂದ ಅತ್ತ ಮಂಗಳೂರಿಗೋ ಇತ್ತ ಚೆನ್ನೈಗೋ ನೂರಾರು ಕಿಲೋಮೀಟರ್ ಹೋಗಬೇಕು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಎನ್ನುವ ಬಯಲುಸೀಮೆಯಿದು. ಇಂಥ ಕಡೆ ಊರು, ಮಠ, ಬಸದಿ, ಕೋಟೆ ಯಾವುದೇ ಎದ್ದರೂ ಅದು ನೀರು ಸಿಕ್ಕ ಜಾಗದಲ್ಲೇ ಎದ್ದಿದೆ. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಈ ಮಾತನ್ನು ಕಾಲಲ್ಲಿ ಅಳೆದು ನೋಡಬಹುದು. ನಾನು ಅಳೆದದ್ದು ಹಾಗೆಯೇ.

ಬೆಂಗಳೂರು ಕಡೆಯಿಂದ ಬರುವವರಿಗೆ ಕ್ಯಾತ್ಸಂದ್ರ ಎಂದರೆ ತುಮಕೂರಿಗೆ ಮುಂಚೆ ಸಿಗುವ ಟೋಲು ಮತ್ತು ತಟ್ಟೆ ಇಡ್ಲಿ. ಟೋಲಿನ ಬಗ್ಗೆ ಹೇಳುವುದೇನೂ ಇಲ್ಲ. ಇಡ್ಲಿಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ನಿಂತರೆ ಕಾಣುವುದು ಇಷ್ಟು: ಅಂಗೈ ಅಗಲದ, ಅಂಚು ಗಿಡ್ಡಗಿರುವ ತಟ್ಟೆಗಳು ಒಂದರ ಮೇಲೊಂದು ಸ್ಟ್ಯಾಂಡಿನಲ್ಲಿ ಕೂತಿವೆ. ಭಟ್ಟರು ಸೌಟಿನಲ್ಲಿ ಹಿಟ್ಟು ಹೊಯ್ದು, ತಟ್ಟೆಯನ್ನು ಒಮ್ಮೆ ಅಲ್ಲಾಡಿಸಿ ಮಟ್ಟ ಮಾಡಿ, ಇಡೀ ಸ್ಟ್ಯಾಂಡನ್ನು ಹಬೆಯ ಪೆಟ್ಟಿಗೆಗೆ ಇಳಿಸುತ್ತಾರೆ. ಗಡಿಯಾರ ನೋಡುವವರಿಲ್ಲ. ಮುಚ್ಚಳದ ಸಂದಿಯಿಂದ ಬರುವ ಹಬೆಯ ವಾಸನೆ ಬದಲಾದರೆ ಬೆಂದಿತೆಂದು ಅರ್ಥ. ಮುಚ್ಚಳ ತೆಗೆದಾಗ ಎದ್ದ ಬಿಳಿ ಮೋಡದೊಳಗೆ ಕೈ ಹಾಕಿ, ಚಮಚದ ಹಿಡಿಯನ್ನು ಅಂಚಿನ ಸುತ್ತ ಒಂದು ಸುತ್ತು ಎಳೆದು ಬಾಳೆಲೆಗೆ ಬೋರಲು ಹಾಕಿದರೆ, ಎಲೆಯ ಮೇಲೆ ಬಿದ್ದ ಇಡ್ಲಿ ಒಂದು ಕ್ಷಣ ನಡುಗುತ್ತದೆ. ಮೇಲೊಂದು ಉಂಡೆ ಬೆಣ್ಣೆ. ಬೆಣ್ಣೆ ಕರಗಿ ಚಟ್ನಿಯ ಕಡೆ ಹರಿಯುವಷ್ಟರಲ್ಲಿ ತಿನ್ನಲು ಶುರು ಮಾಡಬೇಕು. ಬಿಡದಿಯ ತಟ್ಟೆ ಇಡ್ಲಿ ಹೆಚ್ಚೋ ಇಲ್ಲಿಯದೋ ಎಂಬ ಜಗಳಕ್ಕೆ ನಾನಿಲ್ಲ. ತಿಂದ ಮೇಲೆ ಬೆಟ್ಟ ಹತ್ತುವುದಿದ್ದರೆ ಎರಡಕ್ಕೇ ನಿಲ್ಲಿಸಿ ಎಂಬುದಷ್ಟೇ ನನ್ನ ಸಲಹೆ.

ಮೊದಲು ಮಂದಾರಗಿರಿ. ಹೆದ್ದಾರಿ ಬಿಟ್ಟು ಪಂಡಿತನಹಳ್ಳಿ ಕಡೆ ತಿರುಗಿದರೆ ಒಂದೇ ಕಲ್ಲಿನ ಗುಡ್ಡ. ಊರವರ ಬಾಯಲ್ಲಿ ಅದು ಬಸದಿ ಬೆಟ್ಟ. ದೂರದಿಂದಲೇ ಕಣ್ಣಿಗೆ ಬೀಳುವುದು ಕೆಳಗಿರುವ 81 ಅಡಿ ಎತ್ತರದ ಗುರುಮಂದಿರ. ಜೈನ ಮುನಿಗಳು ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದಲ್ಲಿ, ಆಚಾರ್ಯ ಶಾಂತಿಸಾಗರ ಮಹಾರಾಜರ ನೆನಪಿಗೆ ಕಟ್ಟಿದ್ದಾರೆ. ಜನ ಫೋಟೋ ತೆಗೆದುಕೊಳ್ಳುವುದು ಅದರ ಮುಂದೆ. ನೋಡಬೇಕಾದದ್ದು ಮೇಲಿದೆ. ಬಂಡೆಯಲ್ಲೇ ಕಡಿದ ನಾನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಒಂದೇ ಪ್ರಾಕಾರದೊಳಗೆ ನಾಲ್ಕು ಹಳೆಯ ಬಸದಿಗಳು. ಚಂದ್ರನಾಥ, ಪಾರ್ಶ್ವನಾಥ, ಸುಪಾರ್ಶ್ವನಾಥರು ಅಲ್ಲಿ ಅಲಂಕಾರವಿಲ್ಲದೆ ತಣ್ಣಗೆ ನಿಂತಿದ್ದಾರೆ. ಬಸದಿಯ ಹಿಂದಕ್ಕೆ ಹೋಗಿ ಬಂಡೆಯ ಅಂಚಿನಲ್ಲಿ ಕೂತರೆ ಕಾಲಡಿಯಲ್ಲಿ ಮೈದಾಳ ಕೆರೆ ಹರಡಿಕೊಂಡಿರುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆ ಬಂಡೆಯ ಮೇಲೆ ಒಂದು ಗಳಿಗೆಯೂ ನಿಲ್ಲದೆ ಜಾರಿ ಸೇರುವುದು ತಗ್ಗಿಗೆ. ಹಿಂದಿನವರು ಆ ತಗ್ಗಿಗೆ ಏರಿ ಹಾಕಿದರು, ಕೆರೆಯಾಯಿತು. ಇವತ್ತು ತುಮಕೂರಿನ ನಲ್ಲಿಯಲ್ಲಿ ಬರುವುದು ದೂರದ ಹೇಮಾವತಿ ನೀರು. ಮೈದಾಳದಂಥ ಕೆರೆಗಳನ್ನು ನೋಡಿದಾಗ ಈ ಸೀಮೆ ಮೊದಲು ತನ್ನ ನೀರನ್ನು ತಾನೇ ಹೇಗೆ ಹೊಂದಿಸಿಕೊಳ್ಳುತ್ತಿತ್ತು ಎಂಬುದು ಕಾಣುತ್ತದೆ.

ಈ ಬಂಡೆಗಳ ವಯಸ್ಸನ್ನು ಒಂದು ಮಾತಲ್ಲಿ ಹೇಳಿಬಿಡುತ್ತೇನೆ. ರಾಮನಗರ, ಮಾಗಡಿ ಕಡೆಯಿಂದ ಶಿವಗಂಗೆ ದಾಟಿ ಮಧುಗಿರಿ, ಪಾವಗಡದತ್ತ ಚಾಚಿರುವ ಕಣಶಿಲೆಯ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ; ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯದು. ಬಿಸಿಲಿಗೂ ಚಳಿಗೂ ಬಿರಿದ ಈ ಕಲ್ಲಿನ ಸೀಳುಗಳಲ್ಲಿ ಮಳೆನೀರು ಇಂಗುತ್ತದೆ. ಸೀಳು ಎಲ್ಲಿ ಮತ್ತೆ ಬಯಲಿಗೆ ಬಾಯಿ ತೆರೆಯುತ್ತದೋ ಅಲ್ಲಿ ಬೇಸಿಗೆಯಲ್ಲೂ ಒಸರುತ್ತದೆ. ವಿಜ್ಞಾನ ಇಷ್ಟೇ. ಇದರ ಮೇಲೆ ಜನ ಕಟ್ಟಿದ ಕತೆಗಳಿಗೆ ಮಾತ್ರ ಕೊನೆಯಿಲ್ಲ.

ಅಂಥ ಒಂದು ಕತೆಯೇ ಸಿದ್ಧಗಂಗೆ. ಕ್ಯಾತ್ಸಂದ್ರದ ರೈಲು ನಿಲ್ದಾಣದಲ್ಲಿ ಇಳಿದವರು ಮಾತಾಡುತ್ತಾ ನಡೆದೇ ಹೋಗಬಹುದಾದಷ್ಟು ಹತ್ತಿರ. ಹದಿನೈದನೇ ಶತಮಾನದಲ್ಲಿ ಗೋಸಲ ಸಿದ್ಧೇಶ್ವರರು ನೂರೊಂದು ವಿರಕ್ತರೊಡನೆ ಈ ಬೆಟ್ಟದ ಗವಿಗಳಲ್ಲಿ ತಪಸ್ಸಿಗೆ ಕೂತರಂತೆ. ಒಬ್ಬರಿಗೆ ಬಾಯಾರಿತು. ಸಿದ್ಧೇಶ್ವರರು ಮೊಳಕಾಲನ್ನು ಬಂಡೆಗೆ ಒತ್ತಿದರು, ಗಂಗೆ ಉಕ್ಕಿದಳು. ಸಿದ್ಧರ ಗಂಗೆ ಸಿದ್ಧಗಂಗೆ. ಮೆಟ್ಟಿಲು ಹತ್ತಿ ಬೆಟ್ಟದ ಗುಡಿಗೆ ಹೋದವರು ಇವತ್ತಿಗೂ ಗವಿಯಲ್ಲಿರುವ ಆ ಗಂಗೆಗೆ ಬಗ್ಗಿ ಕೈ ಮುಗಿಯುತ್ತಾರೆ. ಬಂಡೆಯನ್ನು ನೆಚ್ಚಿದ ಮಠ ಎಂಬುದು ನಮ್ಮಲ್ಲಿ ಮಾತ್ರ ಇರುವಂಥದ್ದಲ್ಲ. ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೋಂ ಸೇಂ ಮಿಶೆಲ್ ಕೂಡ ಬಂಡೆಯ ಮೇಲಿನ ಮಠವೇ, ಸುತ್ತ ಕಡಲಿನ ಉಬ್ಬರವಿಳಿತ. ಅಲ್ಲಿ ಯಾತ್ರಿಕರು ನೀರು ಇಳಿಯಲಿ ಎಂದು ಕಾದರು, ಇಲ್ಲಿಯವರು ನೀರು ಬರಲಿ ಎಂದು ಕಾದರು.

ಬೆಟ್ಟದ ಬುಡಕ್ಕೆ ಇಳಿದರೆ ಬೇರೆಯೇ ಹರಿವು. ಮಕ್ಕಳದು. ಬಿಳಿ ಬಟ್ಟೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸ್ಟೀಲ್ ತಟ್ಟೆ. ಜಾತಿ ಧರ್ಮ ಕೇಳದೆ ಊಟ, ವಸತಿ, ಓದು ಮೂರನ್ನೂ ಉಚಿತವಾಗಿ ಪಡೆಯುವ ಮಕ್ಕಳು ಇಲ್ಲಿ ಹತ್ತು ಸಾವಿರದ ಆಸುಪಾಸು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1930ರಲ್ಲಿ ಕಾವಿ ಉಟ್ಟ ಶಿವಕುಮಾರ ಸ್ವಾಮಿಗಳು, ಗುರು ಉದ್ಧಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ 1941ರಲ್ಲಿ ಮಠದ ಹೊಣೆ ಹೊತ್ತರು. ಆಗ ಮಠಕ್ಕೆ ದೊಡ್ಡ ಆದಾಯವೇನೂ ಇರಲಿಲ್ಲ. ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿ ತಂದ ರಾಗಿಯಲ್ಲೇ ಮಕ್ಕಳ ಮುದ್ದೆ. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂತು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಅವರ ಗದ್ದುಗೆಯ ಮುಂದೆ ಕೂತವರಲ್ಲಿ ಅರ್ಧಕ್ಕರ್ಧ ಜನ ‘ನಾನೂ ಇಲ್ಲೇ ಉಂಡು ಓದಿದವನು’ ಎನ್ನುವವರು. ಹಾಗೆ ಹೇಳುವಾಗ ‘ಓದಿದೆ’ ಎನ್ನುವುದಕ್ಕಿಂತ ಮೊದಲು ‘ಉಂಡೆ’ ಎನ್ನುತ್ತಾರೆ. ಗಮನಿಸಿ ನೋಡಿ.

ದಾಸೋಹದ ಒಲೆ ಆರಿದ್ದೇ ಇಲ್ಲ ಎನ್ನುತ್ತಾರೆ. ಮಧ್ಯಾಹ್ನ ಪಂಕ್ತಿಯಲ್ಲಿ ಕೂತಾಗ ನನ್ನ ಪಕ್ಕ ಕುಣಿಗಲ್ ಕಡೆಯ ಒಬ್ಬ ರೈತರಿದ್ದರು. ಸಾರು ಬಡಿಸುವ ಹುಡುಗ ಓಡುತ್ತಾ ಬಂದು ಮುಂದೆ ಹೋಗಿಬಿಟ್ಟ. ರೈತರು ‘ಏನ್ ಮಗಾ, ಇಲ್ಲಿ ಮುದ್ದೆ ಒಣಗ್ತೈತೆ’ ಅಂದರು. ಹುಡುಗ ಹಿಂದಕ್ಕೆ ಬಂದು, ‘ತಗಳಿ ಅಜ್ಜಾ’ ಎಂದು ಎರಡು ಸೌಟು ಹಾಕಿದ. ಶಿವರಾತ್ರಿಯ ಹೊತ್ತಿನ ಸಿದ್ಧಲಿಂಗೇಶ್ವರ ಜಾತ್ರೆಗೆ ಬಂದರೆ ಇಂಥ ರೈತರದೇ ರಾಜ್ಯ. ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗಳ ಹಲ್ಲು ನೋಡುವುದು, ಟವಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದು ನಡೆದಿರುತ್ತದೆ.

ಊಟ ಮುಗಿಸಿ ದೇವರಾಯನದುರ್ಗದ ದಾರಿ. ತುಮಕೂರಿನಿಂದ 15 ಕಿಲೋಮೀಟರ್, ಕಾಡಿನ ನಡುವೆ. ದುರ್ಗ ಮುಟ್ಟುವ ಮೊದಲೇ ಸಿಗುತ್ತದೆ ನಾಮದ ಚಿಲುಮೆ. ವನವಾಸದಲ್ಲಿದ್ದ ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಯಿತು, ಬಂಡೆಗೆ ಬಾಣ ಬಿಟ್ಟ, ನೀರು ಬಂತು. ನೋಡಿದರೆ ನಿರಾಸೆ ಆಗಬಹುದು: ಕಲ್ಲಿನಲ್ಲೊಂದು ಚಿಕ್ಕ ಕುಳಿ, ಒಳಗೆ ಬೊಗಸೆಯಷ್ಟು ತಿಳಿನೀರು. ಇಷ್ಟೇನಾ ಎಂದು ನನ್ನ ಹಿಂದಿದ್ದ ಕಾಲೇಜು ಹುಡುಗನೊಬ್ಬ ಅಂದೇಬಿಟ್ಟ. ಅವನ ಅಮ್ಮ ಮಾತಾಡದೆ ಬಗ್ಗಿ ಒಂದು ಬೊಗಸೆ ತೆಗೆದಳು. ಕುಳಿ ಖಾಲಿಯಾಗಲಿಲ್ಲ. ಇನ್ನೊಂದು ತೆಗೆದಳು. ನೀರು ಮತ್ತೆ ಮೊದಲಿನ ಮಟ್ಟಕ್ಕೆ ಬಂದು ನಿಂತಿತು. ಹುಡುಗ ಫೋನು ಜೇಬಿಗೆ ಹಾಕಿದ.

ಚಿಲುಮೆಯ ಬಳಿಯಿರುವ ಅರಣ್ಯ ಇಲಾಖೆಯ ಹಳೆಯ ಬಂಗಲೆಗೂ ಒಂದು ಚರಿತ್ರೆಯಿದೆ. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡುವಾಗ ಸಲೀಂ ಅಲಿ ಇಲ್ಲಿ ತಂಗಿದ್ದರು. ಈಗಲೂ ದುರ್ಬೀನು ಹಿಡಿದವರು ಇಲ್ಲಿಗೆ ಬರುವುದು ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇರದ ಹಕ್ಕಿಯದು. ಮರದ ಮೇಲೆ ಮೊದಲು ಕೇಳುತ್ತದೆ, ಆಮೇಲೆ ಎಷ್ಟೋ ಹೊತ್ತಿಗೆ ಕಾಣುತ್ತದೆ. ನನಗೆ ಕೇಳಿದ್ದಷ್ಟೇ. ಚಿರತೆ, ಕರಡಿ ಇರುವ ಕಾಡು, ಸಂಜೆಯ ಮೇಲೆ ಒಬ್ಬೊಬ್ಬರೇ ತಿರುಗಬೇಡಿ. ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಈ ದುರ್ಗದ ಹುಲಿಯ ಮೇಲೆ ಒಂದು ಇಡೀ ಅಧ್ಯಾಯ ಬರೆದಿದ್ದಾರೆ ಎಂದರೆ ಹಿಂದೆ ಈ ಕಾಡು ಹೇಗಿದ್ದಿರಬೇಕು.

ದೇವರಾಯನದುರ್ಗ ಮೊದಲು ಆನೆಬಿದ್ದಸರಿ, ಆಮೇಲೆ ಜಡಕ ಎಂಬ ಪಾಳೆಯಗಾರನ ಜಡಕನದುರ್ಗ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಈಗಿನ ಹೆಸರು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಭೋಗದ ತನಕ ಕಾರು ಹೋಗುತ್ತದೆ, ಯೋಗಕ್ಕೆ ಮೆಟ್ಟಿಲು ಹತ್ತಲೇಬೇಕು. ಯೋಗನರಸಿಂಹನನ್ನೂ ದಾಟಿ ಬಂಡೆಯ ನೆತ್ತಿಗೆ ಹೋದರೆ ಗಾಳಿ ಪಂಚೆಯನ್ನೇ ಕಿತ್ತುಕೊಳ್ಳುತ್ತದೆ.

ಅಲ್ಲಿ ನಿಂತಾಗಲೇ ಈ ಬೆಟ್ಟದ ದೊಡ್ಡತನ ತಿಳಿಯುವುದು. ಇಲ್ಲಿ ಎರಡು ಹೊಳೆ ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಇಳಿದು ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿ ಸೇರುತ್ತದೆ. ದಾರಿಯಲ್ಲಿ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ತನ್ನ ಹೆಸರು ಕೊಟ್ಟಿದೆ. ಶಿಂಷಾ ದಕ್ಷಿಣದ ಹಾದಿ ಹಿಡಿದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟಿಗೆ ನಿಂತು, ಮದ್ದೂರು ದಾಟಿ ಕಾವೇರಿಗೆ ಬೀಳುತ್ತದೆ. ಮಾರ್ಕೋನಹಳ್ಳಿಯ ಸೈಫನ್ನುಗಳನ್ನು ನೋಡಲು ಇನ್ನೊಂದು ಭಾನುವಾರ ಬೇಕು. ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತದೆಯೇ ತಾನೇ ಹೊರಗೆ ಹರಿಯುವಂತೆ ಕಟ್ಟಿದ್ದಾರೆ. ಒಂದೇ ಬೆಟ್ಟದ ಮೇಲೆ ಬಿದ್ದ ಎರಡು ಹನಿಗಳಲ್ಲಿ ಒಂದು ಆಂಧ್ರದ ನೆಲ್ಲೂರು ಸೀಮೆಗೆ, ಇನ್ನೊಂದು ತಮಿಳುನಾಡಿನ ಪೂಂಪುಹಾರಿನ ಕಡೆಗೆ. ಕೊನೆಗೆ ಎರಡೂ ಸೇರುವುದು ಬಂಗಾಳ ಕೊಲ್ಲಿಗೇ.

ಇದನ್ನೆಲ್ಲ ಯೋಚಿಸುತ್ತಾ ಕೂತಿದ್ದಾಗ ಕೋತಿಯೊಂದು ಬಂದು ನನ್ನ ನೀರಿನ ಬಾಟಲಿ ಎತ್ತಿಕೊಂಡಿತು. ಮುಚ್ಚಳ ತಿರುಗಿಸುವ ಗೋಜಿಗೆ ಹೋಗದೆ ಬುಡಕ್ಕೆ ಹಲ್ಲು ಹಾಕಿ ತೂತು ಮಾಡಿ, ನಾಲ್ಕು ಗುಟುಕು ಕುಡಿದು ಬಂಡೆಯ ಮೇಲೆ ಬಿಟ್ಟುಹೋಯಿತು. ಉಳಿದ ನೀರು ಕಲ್ಲಿನ ಮೇಲೆ ಒಂದು ಗೆರೆ ಎಳೆದು, ಸ್ವಲ್ಪ ದೂರ ಉತ್ತರಕ್ಕೆ ಹೋಗಿ, ಬಿರುಕೊಂದರಲ್ಲಿ ಇಳಿಯಿತು.