ನಿಮಗಿದು ಗೊತ್ತೇ? ತಲೆ ಕಂಪ್ಯೂಟರ್ ಹೌದೋ, ಅಲ್ಲವೋ?

ಲೆಕ್ಕದಲ್ಲಿ ಚುರುಕಾದ ಹುಡುಗನನ್ನು ಕಂಡರೆ "ಅವನ ತಲೆ ಕಂಪ್ಯೂಟರ್ ಮಾರಾಯ" ಎನ್ನುವವರು ಸಾಗರ, ಹೊಸನಗರದ ಕಡೆಯೂ ಸಿಗುತ್ತಾರೆ. ಇದೇ ಮಾತನ್ನು ಸಿದ್ಧಾಂತವಾಗಿ ಮಂಡಿಸಿ ದಶಕಗಳ ಕಾಲ ವಾದ ಮಾಡಿದ ಪಂಡಿತರೂ ಇದ್ದಾರೆ. ಪರವಾಗಿಯೂ ವಿರೋಧವಾಗಿಯೂ ನಮ್ಮ ನಾಡಿನಲ್ಲೇ ಬೇಕಾದಷ್ಟು ಸಾಕ್ಷಿ ಇದೆ. ಓದಿ, ತೀರ್ಪು ನೀವೇ ಕೊಡಿ.

● ಅಲನ್ ಟ್ಯೂರಿಂಗ್ 1936ರಲ್ಲಿ ತನ್ನ ಯಂತ್ರವನ್ನು ಕಲ್ಪಿಸಿಕೊಂಡದ್ದು ಮನುಷ್ಯನನ್ನು ಮಾದರಿಯಾಗಿಟ್ಟುಕೊಂಡು. ಚೌಕುಳಿ ಹಾಳೆಯ ಮೇಲೆ ಒಂದೊಂದೇ ಅಂಕಿ ಬರೆದು, ಅಳಿಸಿ, ನಿಯಮ ತಪ್ಪದೆ ಲೆಕ್ಕ ಮಾಡುವವನೇ ಆ ಮಾದರಿ. ಯಂತ್ರ ಮನುಷ್ಯನನ್ನು ಹೋಲಿದ್ದು ಮೊದಲು, ಮನುಷ್ಯ ಯಂತ್ರವನ್ನು ಹೋಲುತ್ತಾನೆಂಬ ಮಾತು ಹುಟ್ಟಿದ್ದು ಆಮೇಲೆ.

● 1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಮಿದುಳಿನ ನರಕೋಶಗಳನ್ನು "ಹೌದು–ಅಲ್ಲ" ಎಂಬ ತರ್ಕದ ಸ್ವಿಚ್ಚುಗಳಾಗಿ ವಿವರಿಸಿದರು. ಪಿಟ್ಸ್‌ಗೆ ಆಗಿನ್ನೂ 20 ವರ್ಷ. ಇಂದಿನ ಕೃತಕ ಬುದ್ಧಿಮತ್ತೆಯ ನರಜಾಲಗಳ ಮೂಲಪುರುಷರು ಇವರಿಬ್ಬರೇ.

● ಮನಸ್ಸು ಸಾಫ್ಟ್‌ವೇರ್ ಇದ್ದಂತೆ, ಅದು ಯಾವ ಹಾರ್ಡ್‌ವೇರ್ ಮೇಲೆ ಓಡಿದರೂ ಆದೀತು ಎಂಬ ವಾದಕ್ಕೆ 1960ರ ದಶಕದಲ್ಲಿ ತಾತ್ವಿಕ ಬುನಾದಿ ಹಾಕಿದವರು ಅಮೆರಿಕದ ಹಿಲರಿ ಪಟ್ನಮ್. 1988ರಲ್ಲಿ ಪುಸ್ತಕ ಬರೆದು ಅದೇ ವಾದವನ್ನು ಕೈಬಿಟ್ಟವರೂ ಅವರೇ!

● ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ "ಯಮಾತಾರಾಜಭಾನಸಲಗಂ" ನೆನಪಿದೆಯೇ? ಲಘುವಿಗೆ 0, ಗುರುವಿಗೆ 1 ಹಾಕಿ ನೋಡಿ: 0111010001 ಬರುತ್ತದೆ. ಇದರಲ್ಲಿ ಪಕ್ಕಪಕ್ಕದ ಮೂರು ಮೂರು ಅಂಕಿ ತೆಗೆಯುತ್ತ ಹೋದರೆ ಮೂರು ಬಿಟ್‌ಗಳ ಎಂಟೂ ಜೋಡಣೆಗಳು ತಲಾ ಒಂದೇ ಸಲ ಸಿಗುತ್ತವೆ. ಎಂಟು ಗಣಗಳು ಹತ್ತೇ ಅಕ್ಷರದಲ್ಲಿ ಅಡಕ! ಇಂಥ ಸರಣಿಗೆ ಇಂದಿನ ಗಣಿತದಲ್ಲಿ ಡಿ ಬ್ರೌನ್ ಸರಣಿ ಎನ್ನುತ್ತಾರೆ.

● ಸಾಗರದ ಸಮೀಪದ ವರದಹಳ್ಳಿಗೆ ಹೋದವರಿಗೆ ಶ್ರೀಧರಾಶ್ರಮದಲ್ಲಿ ರುದ್ರಪಾಠ ಕಿವಿಗೆ ಬೀಳುವುದು ವಿಶೇಷವೇನಲ್ಲ. ಕೃಷ್ಣಯಜುರ್ವೇದದ ಈ ಭಾಗವನ್ನು ಘನಪಾಠಿಗಳು ಹೇಳುವ ಕ್ರಮವೇ ಬೇರೆ. ಪದಗಳಿಗೆ ಸಂಖ್ಯೆ ಕೊಟ್ಟರೆ ಘನಪಾಠ ಹೀಗೆ ಸಾಗುತ್ತದೆ: 1–2, 2–1, 1–2–3, 3–2–1, 1–2–3. ಮುಂದಿನ ಸುತ್ತು 2–3, 3–2, 2–3–4, 4–3–2, 2–3–4. ಲೆಕ್ಕ ಹಾಕಿ ನೋಡಿ, ನಡುವಿನ ಪ್ರತಿಯೊಂದು ಪದವೂ 13 ಸಲ ಬರುತ್ತದೆ. ಇದಕ್ಕಿಂತ ಸರಳವಾದ ಕ್ರಮಪಾಠದಲ್ಲಿ ಅದು 2 ಸಲ, ಜಟಾಪಾಠದಲ್ಲಿ 6 ಸಲ.

● ಇಷ್ಟೊಂದು ಪುನರಾವರ್ತನೆ ಏಕೆ? ಒಂದು ಕಡೆ ಪದವೋ ಸ್ವರವೋ ಜಾರಿದರೆ ಉಳಿದ ಕಡೆಯ ಪಾಠ ಅದನ್ನು ಹಿಡಿದುಕೊಡುತ್ತದೆ. ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿ ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತವನ್ನು ರಿಚರ್ಡ್ ಹ್ಯಾಮಿಂಗ್ ಕಂಪ್ಯೂಟರ್‌ಗಳಿಗಾಗಿ ಪ್ರಕಟಿಸಿದ್ದು 1950ರಲ್ಲಿ. ವೇದಪಾಠದ ಈ ಮೌಖಿಕ ಪರಂಪರೆ 2008ರಿಂದ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿದೆ.

● ಅಷ್ಟಾವಧಾನದಲ್ಲಿ ಪ್ರಶ್ನೆ ಒಡ್ಡುವ ಎಂಟು ಮಂದಿ ಪೃಚ್ಛಕರು, ಆಶುಪದ್ಯ ಕಟ್ಟುವ ಒಬ್ಬನೇ ಅವಧಾನಿ, ಪೆನ್ನು–ಕಾಗದ ನಿಷಿದ್ಧ. ಒಂದು ಸುತ್ತಿನಲ್ಲಿ ಪ್ರತಿ ಪದ್ಯದ ಒಂದೊಂದೇ ಪಾದ ಹೇಳಿ ಮುಂದಿನವರತ್ತ ತಿರುಗಬೇಕು. ಮತ್ತೆ ಸರದಿ ಬಂದಾಗ ಬಿಟ್ಟ ಜಾಗದಿಂದಲೇ, ಛಂದಸ್ಸು ಕೆಡದಂತೆ ಎತ್ತಿಕೊಳ್ಳಬೇಕು. ನಿಷೇಧಾಕ್ಷರಿಯಲ್ಲಂತೂ ಅವಧಾನಿ ಒಂದು ಅಕ್ಷರ ಉಸುರುತ್ತಿದ್ದಂತೆ, ಮುಂದೆ ಬರಬಹುದಾದ ಅಕ್ಷರವನ್ನು ಪೃಚ್ಛಕ ಮೊದಲೇ ಊಹಿಸಿ "ಇದು ಬೇಡ" ಎನ್ನುತ್ತಾನೆ! ಇದರ ನಡುವೆ ಕೇಳಿದಾಗಲೆಲ್ಲ ಸಂಖ್ಯಾಬಂಧದ ಮನೆಗಳಿಗೆ ಅಂಕಿ ತುಂಬಬೇಕು. ಅಪ್ರಸ್ತುತ ಪ್ರಸಂಗದವರ ಕೀಟಲೆಗೆ ನಗುನಗುತ್ತ ಉತ್ತರವನ್ನೂ ಕೊಡಬೇಕು. ಕಂಪ್ಯೂಟರ್ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವುದೂ ಹೀಗೆಯೇ: ಒಂದನ್ನು ಅರ್ಧಕ್ಕೆ ನಿಲ್ಲಿಸಿ, ಸ್ಥಿತಿ ಉಳಿಸಿಟ್ಟು, ಇನ್ನೊಂದಕ್ಕೆ ಹಾರುವುದು.

● ಸಾವಿರಕ್ಕೂ ಹೆಚ್ಚು ಅವಧಾನ ನಡೆಸಿದ ಶತಾವಧಾನಿ ಆರ್. ಗಣೇಶ್ ಎಂಜಿನಿಯರಿಂಗ್ ಓದಿದವರು. ಶತಾವಧಾನದಲ್ಲಿ ಪೃಚ್ಛಕರ ಸಂಖ್ಯೆ ನೂರು.

● ಇನ್ನು ನಮ್ಮ ನಿಮ್ಮ ತಲೆಗೆ ಬನ್ನಿ. ಒಮ್ಮೆ ಕೇಳಿ ಒಪ್ಪಿಸಬಲ್ಲ ಅಂಕಿ–ಪದಗಳ ಮಿತಿ ಸುಮಾರು ಏಳು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಾಲ್ಕರ ಆಸುಪಾಸು ಎಂದು ನೆಲ್ಸನ್ ಕೋವನ್ 2001ರಲ್ಲಿ ಇನ್ನೂ ಇಳಿಸಿದರು. ಹತ್ತಂಕಿಯ ಮೊಬೈಲ್ ನಂಬರನ್ನು ನಾವು ಎರಡು ಮೂರು ತುಂಡು ಮಾಡಿ ಹೇಳುವುದು ಸುಮ್ಮನೆ ಅಲ್ಲ.

● 1980ರ ಜೂನ್ 18. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದವರು ಮನಬಂದಂತೆ ಆರಿಸಿದ 13 ಅಂಕಿಗಳ ಎರಡು ಸಂಖ್ಯೆಗಳು. ಬೆಂಗಳೂರಿನ ಶಕುಂತಲಾ ದೇವಿ ಗುಣಿಸಿ ಹೇಳಿದ್ದು 26 ಅಂಕಿಗಳ ಉತ್ತರ. ತೆಗೆದುಕೊಂಡ ಸಮಯ 28 ಸೆಕೆಂಡ್! ಗಿನ್ನೆಸ್ ಪುಸ್ತಕಕ್ಕೆ ಇದು ಸೇರಿದ್ದು 1982ರಲ್ಲಿ.

● ಅದಕ್ಕೂ ಮುಂಚೆ, 1977ರಲ್ಲಿ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು ಅವರು 50 ಸೆಕೆಂಡಿನಲ್ಲಿ ಹೇಳಿದ್ದರು. ಅದೇ ಲೆಕ್ಕಕ್ಕೆ ಯೂನಿವ್ಯಾಕ್ ಕಂಪ್ಯೂಟರ್ ತೆಗೆದುಕೊಂಡದ್ದು 62 ಸೆಕೆಂಡ್.

● ಹಾಗಾದರೆ ಶಕುಂತಲಾ ದೇವಿಯವರ ತಲೆಯ ಓಟವೇ ಬೇರೆ ಇತ್ತೇ? ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ 1988ರಲ್ಲಿ ಪರೀಕ್ಷಿಸಿದರು. 61,629,875ರ ಘನಮೂಲ 395, 170,859,375ರ ಏಳನೇ ಮೂಲ 15. ಇಂಥ ಉತ್ತರಗಳು ಜೆನ್ಸನ್ ಪ್ರಶ್ನೆ ಬರೆದುಕೊಳ್ಳುವಷ್ಟರಲ್ಲೇ ಬರುತ್ತಿದ್ದವು. ಆದರೆ ದೀಪ ಹೊತ್ತಿದಾಗ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಸಾಮಾನ್ಯರದ್ದೇ! ಪ್ರೊಸೆಸರ್ ಎಲ್ಲರಿಗಿರುವಂಥದ್ದೇ, ಬಾಲ್ಯದಿಂದ ಸಂಖ್ಯೆಗಳ ಜೊತೆ ಬೆಳೆದ ಅಭ್ಯಾಸ ಮಾತ್ರ ಎಲ್ಲರಿಗಿಲ್ಲದ್ದು.

● ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಒಂದು ನರಕೋಶ ಸೆಕೆಂಡಿಗೆ ಹೆಚ್ಚೆಂದರೆ ಕೆಲವು ನೂರು ಸಲ ಮಿಡಿದೀತು; ಕಂಪ್ಯೂಟರ್ ಚಿಪ್ಪಿನ ಮಿಡಿತ ಸೆಕೆಂಡಿಗೆ ನೂರಾರು ಕೋಟಿ. ಆದರೆ ಕರೆಂಟ್ ಬಿಲ್ಲಿನಲ್ಲಿ ಗೆಲ್ಲುವುದು ಮಿದುಳೇ. ಅದು ಓಡುವುದು ಸುಮಾರು 20 ವ್ಯಾಟ್‌ನಲ್ಲಿ.

● ಮಿದುಳನ್ನು ಕೈಯಲ್ಲಿ ಹಿಡಿದು ನೋಡಬೇಕೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಮ್ಮೇ ಇದೆ. ಹಿಡಿದರೆ ತೂಕ ಒಂದೂಕಾಲು, ಒಂದೂವರೆ ಕಿಲೋ ನಡುವೆ.

● ಚದುರಂಗದಲ್ಲಿ ಗ್ಯಾರಿ ಕಾಸ್ಪರೋವ್‌ನನ್ನು 1997ರಲ್ಲೇ ಕಂಪ್ಯೂಟರ್ ಸೋಲಿಸಿತು. ಆದರೆ ಸಾಗರ ಸೀಮೆಯ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ಮಾಡುವ ಕೆಲಸ ನೋಡಿ. ಅಡಿಕೆ ಮರದ ತುದಿಯಲ್ಲಿ ಕುಳಿತು, ಯಾವ ಕೊನೆ ಬಲಿತಿದೆ ಎಂದು ಕಣ್ಣಲ್ಲೇ ಅಳೆದು ಕೊಯ್ದು, ಹಗ್ಗದ ಮೇಲೆ ಕೆಳಗೆ ಜಾರಿಸುತ್ತಾನೆ. ಆಮೇಲೆ ಮರವನ್ನೇ ತೂಗಿ, ಇಳಿಯದೆ ಪಕ್ಕದ ಮರಕ್ಕೆ ದಾಟುತ್ತಾನೆ. ನಮಗೆ ಕಷ್ಟವಾದ ಲೆಕ್ಕ ಯಂತ್ರಕ್ಕೆ ಸುಲಭ. ನಮಗೆ ಸಲೀಸಾದ ನೋಟ, ನಡಿಗೆ, ಹಿಡಿತ ಯಂತ್ರಕ್ಕೆ ಕಷ್ಟ. 1988ರಲ್ಲಿ ಹೀಗೆಂದು ಬರೆದವರು ರೋಬಾಟ್ ತಜ್ಞ ಹಾನ್ಸ್ ಮೊರಾವೆಕ್.

● ನೆನಪೆಂದರೆ ಅಟ್ಟದ ಮೇಲಿಟ್ಟ ಉಪ್ಪಿನಕಾಯಿ ಭರಣಿಯಲ್ಲ, ಇಟ್ಟಂತೆಯೇ ಸಿಗಲು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಡಿಕ್ಕಿಯ ಚಿತ್ರ ತೋರಿಸಿ ವೇಗ ಕೇಳಿದರು. 50 ಮಂದಿಗೆ ಕಾರುಗಳು "ಅಪ್ಪಳಿಸಿದಾಗ" ಎಂದೂ ಇನ್ನು 50 ಮಂದಿಗೆ "ತಾಗಿದಾಗ" ಎಂದೂ ಪ್ರಶ್ನೆ. ವಾರದ ಬಳಿಕ ಒಡೆದ ಗಾಜು ಕಂಡಿರೇ ಎಂದರೆ ಮೊದಲ ಗುಂಪಿನಲ್ಲಿ 16 ಮಂದಿ, ಎರಡನೆಯದರಲ್ಲಿ 7 ಮಂದಿ ಹೌದೆಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ!

● ತಾಳಮದ್ದಲೆಯಲ್ಲಿ ಭಾಗವತರು ಹಾಡುವ ಪದ್ಯ ಬರೆದಿಟ್ಟದ್ದು. ಅರ್ಥಧಾರಿಯ ಮಾತು ಆ ಕ್ಷಣದಲ್ಲಿ ಹುಟ್ಟಿದ್ದು. ಪ್ರಸಂಗ ಅದೇ, ಪದ್ಯ ಅದೇ, ಎದುರಿನ ಕೌರವ ಬದಲಾದರೆ ಕೃಷ್ಣನ ವಾದವೂ ಬದಲು. ಒಂದೇ ಇನ್‌ಪುಟ್‌ಗೆ ಒಂದೇ ಉತ್ತರ ಕೊಡುವುದು ಸಾಮಾನ್ಯ ಪ್ರೋಗ್ರಾಮಿನ ಧರ್ಮ. ಅರ್ಥಧಾರಿ ಹಾಗೆ ಮಾಡಿದರೆ ಸಭೆ ಎದ್ದು ಹೋದೀತು.

● "ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಎಂದು ನಾಸಾ ಹೇಳಿದೆ" ಎಂಬ ಸಂದೇಶದ ಬೇರು 1985ರ ಒಂದು ಲೇಖನ. ಬರೆದವರು ನಾಸಾದ ಕೇಂದ್ರವೊಂದರಲ್ಲಿದ್ದ ರಿಕ್ ಬ್ರಿಗ್ಸ್. ವಾಕ್ಯದ ಅರ್ಥವನ್ನು ಬಿಡಿಸುವ ನಮ್ಮ ವೈಯಾಕರಣರ ಕ್ರಮಕ್ಕೂ ಕೃತಕ ಬುದ್ಧಿಮತ್ತೆಯವರ ಕ್ರಮಕ್ಕೂ ಇರುವ ಹೋಲಿಕೆಯನ್ನು ಅವರು ತೋರಿಸಿದರು, ಪ್ರೋಗ್ರಾಮನ್ನು ಸಂಸ್ಕೃತದಲ್ಲೇ ಬರೆಯಿರಿ ಎನ್ನಲಿಲ್ಲ. ಈ ವಿಷಯಕ್ಕೆಂದೇ 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಮ್ಮೇಳನವೂ ನಡೆಯಿತು.

● ನಿಯಮ ನೋಡಿ ಚಿಹ್ನೆ ಜೋಡಿಸುವುದಕ್ಕೂ ಅರ್ಥ ತಿಳಿಯುವುದಕ್ಕೂ ವ್ಯತ್ಯಾಸವಿದೆ ಎಂದು ಜಾನ್ ಸರ್ಲ್ 1980ರಲ್ಲಿ ವಾದಿಸಿದರು. ಚೀನೀ ಭಾಷೆ ಬಾರದವನೊಬ್ಬ ಕೋಣೆಯಲ್ಲಿ ಕುಳಿತು, ನಿಯಮದ ಪುಸ್ತಕ ನೋಡಿ ಚೀನೀ ಪ್ರಶ್ನೆಗೆ ಚೀನೀ ಉತ್ತರ ಜೋಡಿಸಿ ಹೊರಗೆ ದಾಟಿಸುತ್ತಾನೆ. ಹೊರಗಿನವರಿಗೆ ಅವನು ಪಂಡಿತ, ಒಳಗೆ ಅವನಿಗೆ ಒಂದಕ್ಷರವೂ ಅರ್ಥವಾಗಿಲ್ಲ.

● ವರದಹಳ್ಳಿಯಲ್ಲಿ ಬದುಕಿನ ಕೊನೆಯ ವರ್ಷಗಳನ್ನು ಏಕಾಂತದಲ್ಲಿ ಕಳೆದ ಶ್ರೀಧರ ಸ್ವಾಮಿಗಳು (1908–1973) ಸಮರ್ಥ ರಾಮದಾಸರ ಪರಂಪರೆಯವರು, ಬೋಧಿಸಿದ್ದು ಅದ್ವೈತ. ಅದ್ವೈತದ ಪ್ರಕಾರ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಈ ನಾಲ್ಕೂ ಸೇರಿದ ಅಂತಃಕರಣ ಬರೀ ಒಂದು ಸಾಧನ, ಅದೂ ಜಡ. ಅದನ್ನು ಬೆಳಗುವ ಸಾಕ್ಷಿ ಬೇರೆ. ಹೀಗಾಗಿ ಮನಸ್ಸು ಕಂಪ್ಯೂಟರ್ ಎಂದರೆ ವೇದಾಂತಿಗೆ ಸಿಟ್ಟೇನೂ ಬರದು. ಅದರ ಮುಂದೆ ಕುಳಿತವನೂ ಕಂಪ್ಯೂಟರೇ ಎಂದರೆ ಮಾತ್ರ ವಾದಕ್ಕೆ ನಿಂತಾನು!